ಸಿಸ್ಟರ್ ಕೊಟ್ಟ ಕೆಂಪೆಲೆ ಗಿಡ

೧೬ ಡಿಸೆಂಬರ್ ೧೯೭೬

ಇವರು ಸುಳ್ಳು ಹೇಳುತ್ತಿದ್ದಾರೆ.

ಮುಳಬಾಗಿಲಲ್ಲಿ ಟ್ರೈನಿಂಗ್ ಇದೆ ಎಂದು ಹೋದವರು ವಾರದ ಮೇಲೆ ಇವತ್ತು ಸಂಜೆ ಬಂದರು. ಸೈಕಲ್ ತುಳಿದುಕೊಂಡು ಬರಲಿಲ್ಲ, ತಳ್ಳಿಕೊಂಡು ಬಂದರು. ಕ್ಯಾರಿಯರ್ ಮೇಲೆ ಹಗ್ಗ ಹಾಕಿ ಕಟ್ಟಿದ ಮಣ್ಣಿನ ಕುಂಡ. ಅದರಲ್ಲೊಂದು ಗಿಡ. ಕೆಳಗಿನ ಎಲೆಗಳು ಹಸಿರು, ತುದಿಯವೆಲ್ಲ ಕುಂಕುಮ ಕಲಸಿ ಬಳಿದ ಹಾಗೆ ಕೆಂಪು.

"ಯಾಕೆ ಕಾಲು ಅಗಲ ಹಾಕ್ಕೊಂಡು ನಡೀತಿದೀರ?" ಎಂದೆ.

"ಸೈಕಲ್ಲಿಂದ ಬಿದ್ದೆ. ತೊಡೆ ಹಿಡ್ಕೊಂಡಿದೆ, ಅಷ್ಟೇ."

ಬಿದ್ದವರ ಪ್ಯಾಂಟಿನಲ್ಲಿ ಮಣ್ಣಿಲ್ಲ, ಮೊಣಕೈ ತರಚಿಲ್ಲ. ಸೈಕಲ್ಲಿನ ಬೆಲ್ಲು ಕೂಡ ಸೊಟ್ಟಗಾಗಿಲ್ಲ. ಮೈಯಿಂದ ಆಸ್ಪತ್ರೆಯ ವಾಸನೆ ಬರುತ್ತಿತ್ತು.

"ಗಿಡ ಯಾರು ಕೊಟ್ರು?"

"ಆಸ್ಪತ್ರೆ ಸಿಸ್ಟರ್, ರೋಸಲಿನ್ ಅಂತ. ಕೆ.ಜಿ.ಎಫ್.ನೋರು. ಕ್ರಿಸ್‌ಮಸ್ ಟೈಮಲ್ಲಿ ಕೆಂಪಾಗೋ ಗಿಡವಂತೆ. ಪಾಯಿನ್ಸೆಟಿಯ ಅಂತ ಹೆಸರು."

ಟ್ರೈನಿಂಗ್ ಮುಳಬಾಗಿಲಲ್ಲಿ. ಸಿಸ್ಟರ್ ಇರುವುದು ಇಲ್ಲಿನ ಹೋಬಳಿ ಆಸ್ಪತ್ರೆಯಲ್ಲಿ. ಎರಡೂ ಎಲ್ಲಿ ಕೂಡಿದವು ಎಂದು ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳುತ್ತಾರೆ.

ತೆಲುಗು ಸೀಮೆಯ ರಾಯಲ್ಪಾಡಿನಿಂದ ಈ ವಕ್ಕಲೇರಿಗೆ ಸೊಸೆಯಾಗಿ ಬಂದು ಹತ್ತು ವರ್ಷವಾಯಿತು. ಇಲ್ಲಿ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವವರು ಯಾರೂ ಇಲ್ಲ. ಇವರು ಗ್ರಾಮಸೇವಕರಾದ್ದರಿಂದ ಪ್ರತಿ ವರ್ಷ ಒಂದು ಡೈರಿ ಬರುತ್ತದೆ. ಹಳೆಯದರಲ್ಲಿ ಖಾಲಿ ಹಾಳೆಗಳು ಬೇಕಾದಷ್ಟಿವೆ. ಬರೆದಿಡುತ್ತೇನೆ. ಎಸ್ಸೆಸ್ಸೆಲ್ಸಿ ಓದಿದ್ದು ಇದಕ್ಕಾದರೂ ಬರಲಿ.

೨೧ ಡಿಸೆಂಬರ್

ಈ ಚಳಿಯಲ್ಲಿ ಜಗಲಿಯ ಮೇಲೆ ಮಲಗುತ್ತಾರೆ. ಒಳಗೆ ಸೆಕೆಯಂತೆ! ಎಣ್ಣೆ ಹಚ್ಚಿ ನೀರು ಹಾಕುತ್ತೇನೆ ಎಂದರೆ ಬೇಡ ಎನ್ನುತ್ತಾರೆ. ದಿನ ಬಿಟ್ಟು ದಿನ ತೊಡೆಗೆ ಪಟ್ಟಿ ಕಟ್ಟಿಸಲು ಆಸ್ಪತ್ರೆಗೆ ಹೋಗುತ್ತಾರೆ. ಆ ಪಟ್ಟಿಯನ್ನು ನಾನು ಇದುವರೆಗೆ ನೋಡಿಲ್ಲ.

ಎದುರುಮನೆ ಆಂಜಿನಮ್ಮ ಮಗುವಿಗೆ ಔಷಧಿ ತರಲು ಆಸ್ಪತ್ರೆಗೆ ಹೋಗಿದ್ದಳು. ಬಂದವಳೇ ನನ್ನನ್ನು ಬೇಲಿಯ ಹತ್ತಿರ ಕರೆದಳು.

"ನಿಮ್ಮೆಜಮಾನ್ರು ಅಲ್ಲೇ ಇದ್ರು ಕಣಮ್ಮ. ಹಿಂದ್ಗಡೆ ಹುಣಸೆಮರದ ಕೆಳಗೆ. ಆ ನರ್ಸಮ್ಮ ಬೆರಳು ತೋರಿಸ್ಕೊಂಡು ಏನೋ ಬೈತಿದ್ಲು. ಇವ್ರು ತಲೆ ತಗ್ಗಿಸ್ಕೊಂಡು ನಿಂತಿದ್ರು. ಗಂಡ ಹೆಂಡ್ತಿ ಜಗಳ ಆಡ್ತಾರಲ್ಲ, ಅಂಗಿತ್ತು."

ನಾನು ನಕ್ಕೆ. "ಅದು ಕುಟುಂಬ ಯೋಜನೆ ಕೇಸಿನ ವಿಷಯ ಇರ್ಬೇಕು ಬಿಡಮ್ಮ" ಎಂದೆ. ಈ ಎಮರ್ಜೆನ್ಸಿ ಬಂದಮೇಲೆ ಮೇಲಿನವರು ಎಲ್ಲ ಗ್ರಾಮಸೇವಕರಿಗೂ ಇಷ್ಟು ಜನಕ್ಕೆ ಆಪರೇಷನ್ ಮಾಡಿಸಲೇಬೇಕು ಎಂದು ಪ್ರಾಣ ತಿನ್ನುತ್ತಿರುವುದು ಊರಿಗೇ ಗೊತ್ತು. ಆಂಜಿನಮ್ಮ ನಂಬಿದಳು. ನಾನು ನಂಬಲಿಲ್ಲ.

೯ ಜನವರಿ ೧೯೭೭

ನಡಿಗೆ ಸರಿಹೋಗಿದೆ. ಈಗ ಸಂಜೆ ಬಂದವರು ಮೊದಲು ಹೋಗುವುದು ಗಿಡದ ಹತ್ತಿರ. ಮಣ್ಣು ಮುಟ್ಟಿ ನೋಡುತ್ತಾರೆ, ನೀರು ಹಾಕುತ್ತಾರೆ, ಅದರ ಮುಂದೆಯೇ ಕುಕ್ಕರುಗಾಲಲ್ಲಿ ಕುಳಿತುಬಿಡುತ್ತಾರೆ.

ದೊಡ್ಡವಳು ಸುಗುಣ, "ಅಪ್ಪ, ಎಷ್ಟು ದೊಡ್ಡ ಹೂವಲ್ವಾ?" ಎಂದಳು.

"ಅದು ಹೂವಲ್ಲಮ್ಮ, ಎಲೆ. ನಡುವೆ ಹಳದಿ ಮಣಿ ಥರ ಐತಲ್ಲ, ಅದು ಹೂವು."

ಹೂವಿನ ವೇಷ ಹಾಕಿಕೊಂಡ ಎಲೆ. ಕೊಟ್ಟವರಿಗೂ ತಂದವರಿಗೂ ತಕ್ಕ ಗಿಡ.

೭ ಫೆಬ್ರವರಿ

ಇವತ್ತು ಸೋಮವಾರ, ಒಪ್ಪೊತ್ತು. ಅರಳಿಕಟ್ಟೆ ಸುತ್ತಿ ಬಂದೆ. ಅತ್ತೆ ಹೇಳಿದ್ದಾರೆ, ಗಂಡು ಹುಟ್ಟುವವರೆಗೆ ಬಿಡಬಾರದು ಎಂದು. ಸುಗುಣ ಆದಳು, ಪದ್ಮ ಆದಳು. ಪದ್ಮನಿಗೆ ಐದು ತುಂಬಿತು. ಆಮೇಲೆ ಏನೂ ಇಲ್ಲ. ಕುರುಡುಮಲೆ ಗಣಪತಿಗೆ ಹರಕೆ ಹೊತ್ತಿದ್ದೇನೆ, ಕೋಲಾರಮ್ಮನಿಗೂ ಹೊತ್ತಿದ್ದೇನೆ.

ಹಣೆಗೆ ಅರಿಶಿನ ಮೆತ್ತಿಕೊಂಡು ಒದ್ದೆ ಸೀರೆಯಲ್ಲಿ ಬರುವಾಗ ಇವರು ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಲಿಲ್ಲ.

"ಬಿಡು ಲಕ್ಷ್ಮಿ. ಎರಡು ಹೆಣ್ಣು ಮಕ್ಕಳೇ ಸಾಕು ನಮ್ಗೆ" ಎಂದರು.

ಮದುವೆಯಾದಾಗಿನಿಂದ ಗಂಡುಮಗು ಗಂಡುಮಗು ಎನ್ನುತ್ತಿದ್ದವರು ಇವರೇ. ಈಗ ಸಾಕಂತೆ. ನನ್ನಿಂದ ಸಾಕು ಎಂದು ಅರ್ಥ.

ಗಿಡಕ್ಕೆ ಬೆಳಗಿನ ನೀರು ಹಾಕುವ ಕೆಲಸ ನನ್ನದು. ನಿಲ್ಲಿಸಿಬಿಟ್ಟೆ. ಇವರು ಹಾಕಲು ಬಂದರೆ, "ನಾನು ಆಗಲೇ ಹಾಕ್ದೆ, ಬೇರು ಕೊಳೀತದೆ" ಎನ್ನುತ್ತೇನೆ. ಸುಳ್ಳು ಹೇಳುವುದು ಇವರಿಗೊಬ್ಬರಿಗೇ ಬರುವುದೇ?

೨೩ ಮಾರ್ಚ್

ಎಲೆಯೆಲ್ಲ ಉದುರಿ ಗಿಡ ಕಡ್ಡಿಯಾಗಿದೆ.

ಎಲೆಕ್ಷನ್ ಆಯಿತು, ಎಮರ್ಜೆನ್ಸಿ ತೆಗೆದರು. ಇನ್ನು ಕೇಸು ಹಿಡಿದು ತರುವ ಕಾಟವಿಲ್ಲ ಎಂದು ಇವರ ಜೊತೆಯ ಗ್ರಾಮಸೇವಕರು ಮೂವರು ಮನೆಗೆ ಬಂದು ಕಾಫಿ ಕುಡಿದು ನಗಾಡಿದರು. ಇವರು ನಗಲಿಲ್ಲ. ಅವರೆಲ್ಲ ಹೋದಮೇಲೆ ಹಿತ್ತಲಿಗೆ ಹೋಗಿ ಹಿಪ್ಪುನೇರಳೆ ಸಾಲಿನ ನಡುವೆ ನಿಂತರು. ಸೊಪ್ಪು ಕುಯ್ಯಲು ಹೋದ ನಾನು ನೋಡಿದೆ. ಕಣ್ಣು ಒರೆಸಿಕೊಳ್ಳುತ್ತಿದ್ದರು.

ಎಲ್ಲರಿಗೂ ಸಂತೋಷವಾದ ದಿನ ಇವರಿಗೇಕೆ ಅಳು? ಕೇಸಿನ ನೆಪ ಹೋಯಿತು, ಆಸ್ಪತ್ರೆಗೆ ಹೋಗಲು ಇನ್ನು ದಾರಿಯಿಲ್ಲ ಎಂದಿರಬೇಕು.

೧೦ ಏಪ್ರಿಲ್

ಇವತ್ತು ಕತ್ತರಿಸಿ ಹಾಕಿದೆ.

ಅತ್ತೆ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಶುರುಮಾಡಿದವರು, "ಹೊಟ್ಟೆ ಬತ್ತಿಹೋದೋಳಿಗೆ ಕೈಯಾದ್ರೂ ನೆಟ್ಟಗಿರಬಾರ್ದಾ" ಎಂದರು. ಇವರು ಅಲ್ಲೇ ಊಟಕ್ಕೆ ಕುಳಿತಿದ್ದರು. ತಟ್ಟೆಯಿಂದ ತಲೆ ಎತ್ತಲಿಲ್ಲ.

ಇವರು ಊಟ ಮುಗಿಸಿ ಹೋದಮೇಲೆ ಕುಡುಗೋಲು ತೆಗೆದುಕೊಂಡು ಗಿಡವನ್ನು ಗೇಣುದ್ದಕ್ಕೆ ಕೊಚ್ಚಿದೆ. ಒಂದೊಂದು ಕಡ್ಡಿಯಿಂದಲೂ ಬೆಳ್ಳಗೆ ಹಾಲು ಸುರಿಯಿತು. ಕೈಗೆಲ್ಲ ಅಂಟಿ ಸಂಜೆಯವರೆಗೆ ಕೆರೆತ. ಕುಂಡವನ್ನು ಒಯ್ದು ತಿಪ್ಪೆಯ ಪಕ್ಕ, ರೇಷ್ಮೆಹುಳದ ಹಿಕ್ಕೆ ಸುರಿಯುವ ಕಡೆ ಇಟ್ಟೆ.

ಇವರು ನೋಡಿದರು. ಕೈಕಾಲು ತೊಳೆಯಲು ಹೋದರು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

೨ ಜೂನ್

ಆ ಸಿಸ್ಟರ್ ಇವತ್ತು ನಮ್ಮ ಮನೆಗೇ ಬಂದರು! ಬೀದಿಯ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಾ ಬಂದವರು ಪದ್ಮನಿಗೂ ಹಾಕಿದರು.

ನಾನು ಮನಸ್ಸಿನಲ್ಲಿ ಬರೆದುಕೊಂಡಿದ್ದ ಮುಖವೇ ಬೇರೆ. ಸಿಸ್ಟರ್‌ಗೆ ಐವತ್ತರ ಮೇಲಾಗಿದೆ, ತಲೆ ಅರ್ಧ ನರೆತಿದೆ, ದಪ್ಪ ಕನ್ನಡಕ, ನಡೆದರೆ ಏದುಸಿರು. ಒಂದು ಗಳಿಗೆ ನನಗೇ ನಾಚಿಕೆಯಾಯಿತು. ಆಮೇಲೆ ಯೋಚಿಸಿದೆ. ವಯಸ್ಸಾದವರ ಮೇಲೆ ಯಾರೂ ಅನುಮಾನ ಪಡುವುದಿಲ್ಲ, ಅದೇ ಅನುಕೂಲ.

ನೀರು ಕುಡಿದು ಹಿತ್ತಲ ಕಡೆ ನೋಡಿದವರು, "ಅಯ್ಯೋ! ಇದು ನಾನು ಕೊಟ್ಟ ಗಿಡ ಅಲ್ವಾಮ್ಮ?" ಎಂದು ಎದ್ದೇ ಹೋದರು. ನಾನೂ ಹಿಂದೆಯೇ ಓಡಿದೆ. ಹೋಗಿ ನೋಡಿದರೆ ಕೊಚ್ಚಿದ ಕಡ್ಡಿಗಳ ಸುತ್ತ ಹಸಿರು ಚಿಗುರು ಗುಂಪುಗುಂಪಾಗಿ ಎದ್ದಿವೆ.

"ಯಾರು ಕತ್ತರ್‍ಸಿದ್ದು ಇದ್ನ?"

"ನಾನೇ" ಎಂದೆ.

"ಎಷ್ಟು ಚೆನ್ನಾಗಿ ಕತ್ತರ್‍ಸಿದೀಯಮ್ಮ! ಕೆಂಪು ಹೋದಮೇಲೆ ನೀರು ಕಮ್ಮಿ ಮಾಡಿ, ಬೇಸಿಗೇಲಿ ಹಿಂಗೇ ಗಿಡ್ಡಕ್ಕೆ ಕುಯ್ಯಬೇಕು. ಹೇಳಿದ್ರೂ ಯಾರಿಗೂ ಮನಸ್ಸು ಬರಲ್ಲ. ಗೊಬ್ಬರಾನೂ ಹಾಕಿದೀಯ!"

ಗೊಬ್ಬರ ಅಂದರೆ ತಿಪ್ಪೆಯ ಪಕ್ಕ ಸುರಿದ ಹಿಕ್ಕೆ.

ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮೆಜಮಾನ್ರು ನಿನ್ನ ಹತ್ರ ಮಾತಾಡಿದ್ರಾಮ್ಮ?" ಎಂದರು.

"ಯಾವ ವಿಷಯ?"

ಅವರ ಮುಖ ಬದಲಾಯಿತು. "ಏನಿಲ್ಲ ಬಿಡು" ಎಂದು ಚೀಲ ಎತ್ತಿಕೊಂಡರು. ಪಕ್ಕದ ಮನೆಯಲ್ಲಿ ಮಾತಾಡುವಾಗ ಕೇಳಿಸಿಕೊಂಡೆ, ಅವರಿಗೆ ಇಪ್ಪತ್ತೆರಡು ವರ್ಷದ ಮಗಳಿದ್ದಾಳಂತೆ. ಕೆ.ಜಿ.ಎಫ್.ನಲ್ಲಿ ನರ್ಸಿಂಗ್ ಓದುತ್ತಿದ್ದಾಳಂತೆ.

ಹೌದಾ. ಮಗಳು.

೧೯ ಆಗಸ್ಟ್

ಕುಂಡವನ್ನು ತಿಪ್ಪೆಯಿಂದ ತಂದು ಮುಂದಿನ ಅಂಗಳದಲ್ಲಿಟ್ಟೆ. ಅಲ್ಲಿದ್ದರೆ ಕೋಳಿಗಳು ಬುಡ ಕೆದರುತ್ತವೆ. ಅಷ್ಟಕ್ಕೇ.

ಕೋಪ ಬಂದಾಗಲೆಲ್ಲ ಅದರ ಒಂದು ಕುಡಿ ಚಿವುಟುತ್ತೇನೆ. ಅತ್ತೆ ಅಂದ ಮಾತಿಗೊಂದು, ಇವರು ಅನ್ನದೇ ಉಳಿದ ಮಾತಿಗೊಂದು. ಒಂದು ಚಿವುಟಿದರೆ ಎರಡು ಕವಲು ಬರುತ್ತವೆ, ಹಟಮಾರಿ. ಗಿಡ ಈಗ ಬುಟ್ಟಿಯಷ್ಟು ಅಗಲವಾಗಿದೆ.

ಕೋಲಾರದಲ್ಲಿ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ನನ್ನಲ್ಲಿ ಏನೂ ತೊಂದರೆಯಿಲ್ಲ, ಯಜಮಾನರನ್ನು ಒಂದು ಸಲ ಕಳಿಸಿ ಎಂದರು. ಇವರಿಗೆ ಹೇಳಿದೆ.

"ಬೇಡ" ಎಂದರು.

"ಯಾಕೆ?"

"ಬೇಡ ಅಂದೆನಲ್ಲ."

ಆಮೇಲೆ ತಾವೇ ಬಿಂದಿಗೆ ತೆಗೆದುಕೊಂಡು ಬಾವಿಗೆ ಹೋಗಿ ತೊಟ್ಟಿ ತುಂಬಿಸಿದರು. ಕೆಲವು ತಿಂಗಳಿಂದ ಹೀಗೇ, ನೀರು ಸೇದುತ್ತಾರೆ, ಸೊಪ್ಪು ಹೊರುತ್ತಾರೆ, ನಾನು ಏಳುವ ಮೊದಲೇ ಒಲೆ ಹಚ್ಚಿರುತ್ತಾರೆ. ಬೀದಿಯವರು ಒಳ್ಳೆಯ ಗಂಡ ಎನ್ನುತ್ತಾರೆ. ಮನಸ್ಸಿನಲ್ಲಿ ಕಳ್ಳತನ ಇಲ್ಲದ ಗಂಡಸು ಹೆಂಡತಿಗೆ ಇಷ್ಟು ಸೇವೆ ಮಾಡುತ್ತಾನೆಯೇ?

೪ ಅಕ್ಟೋಬರ್

ನಮ್ಮ ಮನೆಯ ಮುಂದಿನ ಕಂಬಕ್ಕೆ ಬೀದಿದೀಪ ಹಾಕಿದರು. ಅಂಗಳವೆಲ್ಲ ಹಗಲಿನ ಹಾಗಿದೆ. ಇವರಿಗೆ ಇನ್ನೂ ಅನುಕೂಲವಾಯಿತು. ಕತ್ತಲಾದಮೇಲೂ ಗಿಡದ ಮುಂದೆ ಕುಳಿತಿರಬಹುದು. ಮೊನ್ನೆ ಅದರ ಎಲೆಯ ಮೇಲಿನ ಧೂಳು ಒರೆಸುತ್ತಿದ್ದರು. ಯಾರನ್ನು ನೆನೆಸಿಕೊಂಡು?

ನಿನ್ನೆ ಇವರು ಬರುವ ಮುಂಚೆಯೇ ಕುಂಡ ಎತ್ತಿ ರಾಗಿ ಮೂಟೆಯ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ. ಅಲ್ಲಿ ಕಿಟಕಿಯಿಲ್ಲ, ದೀಪವಿಲ್ಲ.

"ಗಿಡ ಎಲ್ಲಿ?" ಎಂದರು.

"ದೀಪಕ್ಕೆ ಹುಳ ಬರ್ತವೆ. ಒಳಗಿಟ್ಟೆ."

ಅಲ್ಲೇ ಬಿಟ್ಟುಬಿಡಬೇಕೆಂದಿದ್ದೆ. ಆದರೆ ಅತ್ತೆ ಇವತ್ತು ಬೆಳಿಗ್ಗೆ ರಾಗಿ ಕೇರಲು ಮೊರ ಹಿಡಿದು ಬಂದು, "ಹಾಲು ಸುರಿಯೋ ಗಿಡಾನ ತಿನ್ನೋ ಕಾಳಿನ ಪಕ್ಕ ಯಾರಾದ್ರೂ ಇಡ್ತಾರೇನೇ? ಎತ್ತೇ ಆಚೆಗೆ!" ಎಂದು ಕೂಗಿದರು. ಹಾಗಾಗಿ ಇವರು ಕೆಲಸಕ್ಕೆ ಹೋದಮೇಲೆ ಆಚೆ ಬಿಸಿಲಿಗೆ, ಬರುವ ಮುಂಚೆ ಒಳಗೆ ಕತ್ತಲಿಗೆ. ನನಗೊಂದು ಕೆಲಸ ಹೆಚ್ಚಾಯಿತು.

೨೬ ಅಕ್ಟೋಬರ್

ದಸರೆಗೆಂದು ಮಾಲೂರಿನಿಂದ ಬಂದ ನಾದಿನಿ ಶಾಮಲಮ್ಮ ಇನ್ನೂ ಇಲ್ಲೇ ಇದ್ದಾರೆ. ಇವರಿಗೆ ಅಕ್ಕ. ಮಧ್ಯಾಹ್ನ ಅತ್ತೆ ನನ್ನನ್ನು ಅಡುಗೆಮನೆಯಿಂದ ಕರೆದು ಎದುರಿಗೆ ಕೂರಿಸಿಕೊಂಡರು.

"ನಿನ್ನ ಮನೆಯಿಂದ ಆಚೆ ಹಾಕಲ್ಲ ಕಣೇ. ನೀನು ದೊಡ್ಡೋಳಾಗೇ ಇರ್‍ತೀಯ. ಶಾಮಲನ ಮಗಳಿಗೆ ಹದಿನೆಂಟು ತುಂಬ್ತು. ನಮ್ಮ ಹುಡುಗೀನೇ. ಚನ್ನರಾಯನಿಗೆ ತಂದ್ಕೊಂಡ್ರೆ ಮನೆಗೊಂದು ಗಂಡಾಗುತ್ತೆ. ನೀನು ಹೂಂ ಅಂದ್ರೆ ಅವ್ನೂ ಒಪ್ಕೋತಾನೆ."

ನಾದಿನಿ ನೆಲ ನೋಡುತ್ತಿದ್ದರು. ನಾನು ಹೂಂ ಅನ್ನದೆ ಎದ್ದು ಅಡುಗೆಮನೆಗೆ ಹೋದೆ.

ಸಂಜೆ ಇವರಿಗೆ ಹೇಳಿದರು. ಇವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಇದುವರೆಗೆ ಕೇಳಿಲ್ಲ. "ನಾನು ಇನ್ನೊಂದು ಮದುವೆ ಆಗಲ್ಲ! ಈ ಮಾತು ಮನೇಲಿ ಇನ್ನೊಂದ್ಸಲ ಬರಕೂಡದು!"

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಕ್ಕನ ಮಗಳು ಬೇಡ ಎಂದರೆ ಮನಸ್ಸಿನಲ್ಲಿ ಬೇರೆ ಯಾರೋ ಇರಲೇಬೇಕು.

ಈ ಗಲಾಟೆಯಲ್ಲಿ ಗಿಡ ಒಳಗಿಡುವುದು ತಡವಾಯಿತು. ಬೀದಿದೀಪ ಹತ್ತಿಬಿಟ್ಟಿತ್ತು. ಓಡಿಹೋಗಿ ಎತ್ತಿಕೊಂಡೆ.

೮ ನವೆಂಬರ್

ಇವತ್ತು ಆಸ್ಪತ್ರೆಗೆ ಹೋದೆ. ಜಗಳಕ್ಕೇ ಹೋದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡು ಹೋದೆ.

ಸಿಸ್ಟರ್ ವರಾಂಡದಲ್ಲಿ ತಮ್ಮ ಗಿಡಗಳಿಗೆ ನೀರು ಹಾಕುತ್ತಿದ್ದರು. ಐದಾರು ಕುಂಡ, ಎಲ್ಲ ಅದೇ ಗಿಡ. ನನ್ನನ್ನು ನೋಡಿ ಬೆಂಚು ಎಳೆದು ಹಾಕಿದರು.

"ನಿನ್ನ ಗಿಡ ಹೆಂಗಿದೆಯಮ್ಮ? ನನ್ನವು ಈ ವರ್ಷ ಕೆಂಪಾಗಲ್ಲ. ನೋಡು, ಇಲ್ಲಿ ಟ್ಯೂಬ್‌ಲೈಟ್ ಹಾಕಿಬಿಟ್ರು. ರಾತ್ರಿಯೆಲ್ಲ ಉರೀತದೆ. ಈ ಗಿಡಕ್ಕೆ ಎರಡು ತಿಂಗಳು ದಿನಾ ಉದ್ದಾನೆ ರಾತ್ರಿ ಬೇಕು. ಸಂಜೆಯಿಂದ ಬೆಳಗಿನವರೆಗೆ ಒಂದು ಚೂರೂ ಬೆಳಕು ಬೀಳಬಾರ್ದು. ಬೆಳಗಾದ್ರೆ ಬಿಸಿಲೂ ಬೇಕು."

"ನಾನು ಸಂಜೆ ಅದ್ನ ರಾಗಿ ಕೋಣೇಲಿ ಕೂಡ್ತೀನಿ" ಎಂದೆ. "ನಮ್ಮೋರ ಕಣ್ಣಿಗೆ ಬೀಳಬಾರ್ದು ಅಂತ."

ಸಿಸ್ಟರ್ ನೀರಿನ ಚೊಂಬು ಕೆಳಗಿಟ್ಟು ನನ್ನನ್ನೇ ನೋಡಿದರು. ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನಿಮ್ಮ ಮಗಳಿಗೂ ನಮ್ಮೋರಿಗೂ ಏನ್ರೀ?" ಎಂದುಬಿಟ್ಟೆ.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನನ್ನ ಮಗಳು ನಿಮ್ಮೆಜಮಾನ್ರ ಮುಖಾನೇ ನೋಡಿಲ್ಲಮ್ಮ. ನನ್ನ ಹತ್ರ ಭಾಷೆ ತಗೊಂಡಿದಾರೆ, ನಾನು ಹೇಳಂಗಿಲ್ಲ. ನೋಡಿದಾಗಲೆಲ್ಲ ಬೈತೀನಿ, ಹೆಂಡ್ತಿಗೆ ಹೇಳ್ರೀ ಅಂತ. ನೀನೇ ಕೇಳು. ಬಿಡಬೇಡ."

ಬಂದೆ. ಕೇಳಲಿಲ್ಲ. ಉತ್ತರ ಏನೋ ಇದೆ ಎಂದು ಗೊತ್ತಾದಮೇಲೆ ಕೇಳುವುದು ಇನ್ನೂ ಕಷ್ಟ.

ರಾಗಿ ಕೋಣೆಯ ಬಾಗಿಲ ಸಂದಿಯಿಂದ ದೀಪದ ಬೆಳಕು ಸಣ್ಣಗೆ ಬೀಳುತ್ತಿತ್ತು. ಗೋಣಿಚೀಲ ಮಡಿಸಿ ತುರುಕಿದೆ.

೨೧ ನವೆಂಬರ್

ನಡುವಿನ ಎಲೆಯೊಂದರ ನರ ಕೆಂಪಾಗಿದೆ. ಬಿಸಿಲಿಗೆ ಹಿಡಿದು ನೋಡಿದೆ. ಹೌದು. ಸುಗುಣನನ್ನೂ ಕರೆದು ತೋರಿಸಿದೆ. ಇವರಿಗೆ ಹೇಳಲಿಲ್ಲ.

೨೩ ನವೆಂಬರ್

ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗ ಬಂದ. ಇಪ್ಪತ್ತೆರಡು ಇಪ್ಪತ್ತಮೂರಿರಬಹುದು. ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ. ಹೆಸರು ಮುನಿಯಲ್ಲಪ್ಪ, ಹೋಳೂರಿನವನು, ಕೂಲಿ ಮಾಡುತ್ತಾನಂತೆ. ಅತ್ತೆ ಬುಟ್ಟಿ ಹಿಡಿದು ಮಲ್ಲಿಗೆ ಬಳ್ಳಿಯ ಹತ್ತಿರ ಹೂ ಬಿಡಿಸುತ್ತಿದ್ದರು, ಇವರು ಕೆಲಸಕ್ಕೆ ಹೋಗಿದ್ದರು.

"ಅಕ್ಕ, ನಂಗೆ ಮದುವೆ. ಇನ್ನು ಹದಿನೈದು ದಿನಕ್ಕೆ. ಎಲ್ಲಾರ್‍ಗಿಂತ ಮೊದ್ಲು ಇಲ್ಲಿಗೇ ಹೇಳ್ಬೇಕು ಅಂತ ನಮ್ಮಮ್ಮ ಕಳಿಸ್ದ್ಲು. ಅಣ್ಣ ಇಲ್ದಿದ್ರೆ ನಂಗೆ ಈ ಮದುವೆ ಎಲ್ಲಿಂದ ಬರ್‍ಬೇಕಿತ್ತು?"

"ಹುಡುಗಿ ಇವರೇ ನೋಡಿದ್ರಾ?" ಎಂದೆ.

ಅವನು ನನ್ನ ಮುಖ ನೋಡಿದ. "ಅಲ್ಲಕ್ಕ. ಹೋದ ವರ್ಷ ಕ್ಯಾಂಪಲ್ಲಿ. ನಾನು ಬಸ್ ಸ್ಟಾಂಡಲ್ಲಿ ನಿಂತಿದ್ದೆ, ಜೀಪಲ್ಲಿ ಹತ್ತಿಸ್ಕೊಂಡೋದ್ರು. ಏನೋ ಕೆಲ್ಸ ಅಂದ್ರು. ಅಲ್ಲಿ ಬೆಂಚಿನ ಮೇಲೆ ಕೂರ್‍ಸಿದಾಗ ಗೊತ್ತಾಯ್ತು, ಆಪರೇಷನ್ ಅಂತ. ಅಣ್ಣ ಬಂದು 'ಲೇ, ನಿಂಗೆ ಮದುವೆ ಆಗೈತೇನ್ಲಾ?' ಅಂದ್ರು. ಇಲ್ಲಣ್ಣ ಅಂದೆ. ಸಾಹೇಬ್ರು ಬಿಡ್ಲಿಲ್ಲ, ಒಂದು ಕೇಸು ಕಮ್ಮಿ ಆಗ್ತದೆ ಅಂದ್ರು. ಅಣ್ಣ ನನ್ನ ರಟ್ಟೆ ಹಿಡ್ಕೊಂಡು ಎಬ್ಬಿಸಿ ಆಚೆ ತಳ್ಳಿ, 'ನಂಗೆ ಎರಡು ಮಕ್ಕಳವೆ, ನನ್ನ ಹೆಸರು ಬರ್‍ಕೊಳ್ಳಿ' ಅಂತ ನಾನು ಕೂತಿದ್ದ ಜಾಗದಲ್ಲಿ ಕೂತ್ಬಿಟ್ರು."

ನನ್ನ ಹಿಂದೆ ಹೂವಿನ ಬುಟ್ಟಿ ಬಿದ್ದ ಸದ್ದಾಯಿತೇನೋ ಎಂದು ತಿರುಗಿದೆ. ಅತ್ತೆ ಇನ್ನೂ ಬಳ್ಳಿಯ ಹತ್ತಿರವೇ ಇದ್ದರು. ಕೇಳಿಸಿಲ್ಲ. ಬಿದ್ದದ್ದು ನನ್ನ ಕೈಯಲ್ಲಿದ್ದ ಮೊರ.

"ಆಮೇಲೆ ಕೀವಾಗಿ ಅಣ್ಣ ಭಾಳ ಕಷ್ಟಪಟ್ರಂತೆ. ನಿಮ್ಗೆ ಗೊತ್ತೇ ಇರ್‍ತದಲ್ಲಕ್ಕ."

"ಗೊತ್ತು" ಎಂದೆ. ಕುಂಕುಮ ತೆಗೆದುಕೊಂಡೆ. ಕಾಫಿ ಮಾಡಿಕೊಟ್ಟೆ. ಅವನನ್ನು ಕಳಿಸಿದೆ.

ಇಷ್ಟೇ ಬರೆಯಲಾಗುವುದು.

೨೪ ನವೆಂಬರ್

ಇವರು ಸೈಕಲ್ ನಿಲ್ಲಿಸುವಾಗಲೇ, "ಹೋಳೂರಿನ ಮುನಿಯಲ್ಲಪ್ಪ ನೆನ್ನೆ ಬಂದಿದ್ದ. ಮದುವೆಗೆ ಕರೆದು ಹೋದ" ಎಂದೆ.

ಇವರು ಸೈಕಲ್ ಬಿಟ್ಟುಬಿಟ್ಟರು. ಅದು ಗೋಡೆಗೆ ತಾಗಿ ನಿಂತಿತು. ಹಾಗೇ ಮೆಟ್ಟಿಲ ಮೇಲೆ ಕುಳಿತರು.

ಕೋಪ ಬಂದಾಗ ನನ್ನ ಬಾಯಿಗೆ ತೆಲುಗೇ ಬರುವುದು. "ಚೆಪ್ಪಂಡಿ" ಎಂದೆ. ಹೇಳಿ ಎಂದು ಕನ್ನಡದಲ್ಲಿ ಮತ್ತೆ ಹೇಳಲಿಲ್ಲ. ಹತ್ತು ವರ್ಷದಲ್ಲಿ ಅಷ್ಟು ತೆಲುಗು ಇವರಿಗೂ ಬಂದಿದೆ.

"ಅವನು ಹೇಳಿರೋದೆಲ್ಲ ನಿಜ. ಇನ್ನೇನು ಹೇಳ್ಲಿ."

"ನಾನು ಒದ್ದೆ ಸೀರೇಲಿ ಅರಳಿಮರ ಸುತ್ತುವಾಗ ನೋಡ್ತಿದ್ರಿ."

"ನೋಡ್ತಿದ್ದೆ."

"ನಿಮ್ಮಮ್ಮ ಹೊಟ್ಟೆ ಬತ್ತಿದೋಳು ಅಂದಾಗ ಕೇಳಿಸ್ಕೊಂಡ್ರಿ."

"ಕೇಳಿಸ್ಕೊಂಡೆ."

"ಡಾಕ್ಟರ್ ಹತ್ರ ನಾನೊಬ್ಳೇ ಹೋಗಿ ಮಲಗಿ ತೋರಿಸ್ಕೊಂಡು ಬಂದೆ. ಆವತ್ತಾದ್ರೂ?"

"ಮೊದಲನೇ ದಿನ ಹೇಳ್ಬೇಕಿತ್ತು ಲಕ್ಷ್ಮಿ. ಆವತ್ತು ಹೆದರ್‍ದೆ. ಆಮೇಲೆ ದಿನ ಹೋದಂಗೆಲ್ಲ ಅದು ದೊಡ್ಡದಾಗ್ತಾ ಹೋಯ್ತು. ಅಮ್ಮನಿಗಿಂತ ನಿಂಗೇ ಹೆದರ್‍ದೆ. ನೀನು ಅಷ್ಟು ಆಸೆ ಇಟ್ಕೊಂಡಿದ್ದೆ."

"ಆ ಹುಡುಗನ್ನ ಎಬ್ಬಿಸಿದ್ದು ತಪ್ಪು ಅಂತ ನಾನು ಅನ್ನಲ್ಲ" ಎಂದೆ. ಈ ಮಾತು ನನಗೇ ಗೊತ್ತಿಲ್ಲದೆ ಬಂತು. "ಆದ್ರೆ ಅವನ ಜಾಗದಲ್ಲಿ ನೀವು ಕೂತ್ರಿ. ನಿಮ್ಮ ಜಾಗದಲ್ಲಿ ನನ್ನ ಕೂರಿಸಿದ್ರಿ. ಒಂದು ವರ್ಷ ಬೈಸಿಕೊಂಡೋಳು ನಾನು."

ಇವರು ಅತ್ತರು. ನಾನು ಸಮಾಧಾನ ಮಾಡಲಿಲ್ಲ. "ನಿಮ್ಮಮ್ಮನಿಗೆ ನೀವೇ ಹೇಳ್ಬೇಕು. ನನ್ನೆದುರಿಗೆ, ಹಗಲಲ್ಲಿ" ಎಂದೆ.

ಇದುವರೆಗೆ ನಾನು ಇವರಿಗೆ ಹೀಗೆ ಮಾಡಿ ಎಂದು ಹೇಳಿದ್ದಿಲ್ಲ. ತಲೆಯಾಡಿಸಿದರು.

ಗಿಡ ಒಳಗಿಡಲು ಹೋದಾಗ ಇವರು ಎದ್ದು ಬಂದರು. ಬೇಡ ಎಂದು ಕೈಸನ್ನೆ ಮಾಡಿ ನಾನೇ ಎತ್ತಿಟ್ಟೆ.

೨೭ ನವೆಂಬರ್

ಹೇಳಿದರು. ಅತ್ತೆ ಹುಳದ ತಟ್ಟೆಗೆ ಸೊಪ್ಪು ಹಾಕುತ್ತಿದ್ದರು. ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಬಿಡಿಸಿ ಹೇಳಿದಾಗ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು.

"ಯಾವನೋ ಕೂಲಿಯೋನಿಗೋಸ್ಕರ ನನ್ನ ವಂಶಾನ ಧಾರೆ ಎರೆದುಬಿಟ್ಟೆಯೇನ್ಲಾ?" ಎಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ನಾನು ಮುದ್ದೆ ತಟ್ಟೆ ಮುಂದಿಟ್ಟಾಗ ನನ್ನ ಕೈ ಹಿಡಿದುಕೊಂಡರು. ಬಿಡಲಿಲ್ಲ. ಕ್ಷಮೆ ಕೇಳುತ್ತಿದ್ದಾರೋ, ಮಗನ ಮೇಲಿನ ಸಿಟ್ಟಿಗೆ ಹಿಡಿದುಕೊಂಡರೋ ಗೊತ್ತಾಗಲಿಲ್ಲ. ಮುದ್ದೆ ಆರಿತು.

೬ ಡಿಸೆಂಬರ್

ಗಿಡ ಪೂರ್ತಿ ಕೆಂಪಾಗಿದೆ. ಹೋದ ವರ್ಷ ನಾಲ್ಕು ತುದಿಯಿತ್ತು, ಈಗ ಲೆಕ್ಕ ಹಾಕಲಾಗದಷ್ಟು. ಹೋಗುತ್ತಾ ಬರುತ್ತಾ ಜನ ನಿಂತು ನೋಡುತ್ತಾರೆ. ಆಂಜಿನಮ್ಮ ಹೆಸರು ಕೇಳಿದಳು. ಪಾಯಿನ್ಸೆಟಿಯ ಎಂದೆ, ತಡವರಿಸದೆ.

ಸಿಸ್ಟರ್ ಬಂದು ನೋಡಿ ಕೆನ್ನೆಗೆ ಕೈ ಇಟ್ಟುಕೊಂಡರು. ಕ್ರಿಸ್‌ಮಸ್ಸಿಗೆ ಒಯ್ಯಿರಿ, ಜನವರಿಯಲ್ಲಿ ವಾಪಸ್ ಕೊಡಿ ಎಂದೆ. ಬೇಸಿಗೆಯಲ್ಲಿ ಕಡ್ಡಿ ಕತ್ತರಿಸಿದಾಗ ನಾಲ್ಕು ಕೊಡುತ್ತೇನೆ ಎಂದೂ ಹೇಳಿದೆ. ಇನ್ನು ಕತ್ತಲಲ್ಲಿ ಇಡಬೇಕಿಲ್ಲ, ಕೆಂಪು ತಿರುಗಿದ ಮೇಲೆ ಎಲ್ಲಿದ್ದರೂ ಆಯಿತು ಎಂದರು. ಆದರೂ ಸಂಜೆ ಒಳಗಿಟ್ಟೆ. ಅಂಗಳದಲ್ಲಿ ಮಂಜು ಬೀಳುತ್ತದೆ.

ಸಿಸ್ಟರ್ ಇವರ ಹತ್ತಿರ ಎರಡು ಮಾತಾಡಿ ನಕ್ಕರು. ಏನು ಮಾತು ಎಂದು ಆಮೇಲೆ ಕೇಳಿದೆ. ಇವರು ಹೇಳಿದರು. ನಿಜವೇ ಇರಬಹುದು.

೮ ಡಿಸೆಂಬರ್ ೧೯೭೭

ಮುನಿಯಲ್ಲಪ್ಪನ ಮದುವೆಗೆ ಹೋಗಿ ಬಂದೆವು.

ಹತ್ತು ದಿನದಿಂದ ಮಗನ ಜೊತೆ ಮಾತು ಬಿಟ್ಟಿದ್ದ ಅತ್ತೆ, ನಾವು ಹೊರಡುವಾಗ ಒಳ್ಳೆಯ ಸೀರೆ ಉಟ್ಟುಕೊಂಡು ಬಂದು ನಿಂತರು. "ನಾನೂ ಬರ್‍ತೀನಿ. ಅವನ ಮುಖ ನೋಡ್ಬೇಕು ನಂಗೆ" ಎಂದರು. ನನಗೆ ಹೆದರಿಕೆಯಾಯಿತು. ಮದುವೆ ಮನೆಯಲ್ಲಿ ಏನಾದರೂ ಅಂದುಬಿಟ್ಟರೆ? ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತು ಅವರ ಮುಖವನ್ನೇ ನೋಡುತ್ತಿದ್ದೆ. ಏನೂ ಗೊತ್ತಾಗಲಿಲ್ಲ.

ಮನೆ ಮುಂದೆ ತೆಂಗಿನ ಗರಿಯ ಚಪ್ಪರ. ಹುಡುಗನ ತಾಯಿ ಓಡಿಬಂದು ಇವರ ಕಾಲಿಗೆ ಬೀಳಲು ಹೋದಳು. ಇವರು ಹಿಂದೆ ಸರಿದರು. ಮುನಿಯಲ್ಲಪ್ಪ ಹೆಂಡತಿಯ ಸಮೇತ ಬಂದು ಅತ್ತೆಯ ಮುಂದೆ ಬಗ್ಗಿದ. ಅತ್ತೆ ಅವನ ಗಲ್ಲ ಹಿಡಿದು ಎತ್ತಿ, ಬಹಳ ಹೊತ್ತು ನೋಡಿದರು.

"ಚೆನ್ನಾಗಿ ಬಾಳು" ಎಂದು ಅಕ್ಷತೆ ಹಾಕಿದರು. ಆಮೇಲೆ ಗಲ್ಲ ಬಿಡದೆ, "ಮೊದಲ್ನೇದು ಹೆಣ್ಣಾದ್ರೆ ಮುಖ ಸಿಂಡರಿಸ್ಬೇಡ. ತಿಳೀತೇನ್ಲಾ?" ಎಂದರು.

ಬರುವಾಗ ಬಸ್ಸು ಕಿಕ್ಕಿರಿದಿತ್ತು. ಅತ್ತೆ ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತು ತೂಕಡಿಸಿದರು. ನನಗೆ ಹಿಂದೆ ಜಾಗ ಸಿಕ್ಕಿತು. ಇವರು ಕಂಬಿ ಹಿಡಿದು ನನ್ನ ಪಕ್ಕ ನಿಂತಿದ್ದರು.

"ಟ್ರೈನಿಂಗ್ ಅಂದ್ರಲ್ಲ, ಆ ವಾರ ಎಲ್ಲಿದ್ರಿ?" ಎಂದು ಕೇಳಿದೆ.

"ಆಸ್ಪತ್ರೆ ವರಾಂಡದಲ್ಲೇ. ಜ್ವರ ಬಂದಿತ್ತು. ಮನೆಗೆ ಬರಂಗಿರ್‍ಲಿಲ್ಲ."

"ಊಟ?"

"ಸಿಸ್ಟರ್ ಗಂಜಿ ಕೊಡ್ತಿದ್ರು."

"ಬರೀ ಗಂಜಿನಾ?"

"ಹೂಂ."

"ಉಪ್ಪಿನಕಾಯಿ?"

"ಇರ್‍ಲಿಲ್ಲ."

ಎಲ್ಲಿತ್ತೋ ಅಷ್ಟು ಕೋಪ. "ಎರಡು ಮೈಲಿ ದೂರದಲ್ಲಿ ಮನೆ ಇಟ್ಕೊಂಡು, ಜ್ವರ ಬಂದೋರು ವಾರವೆಲ್ಲ ಬರೀ ಗಂಜಿ ಕುಡ್ಕೊಂಡು ಬಿದ್ದಿದ್ರಾ? ನಾನೇನು ಸತ್ತು ಹೋಗಿದ್ನಾ? ಭರಣಿ ತುಂಬಾ ಮಾವಿನಕಾಯಿ ಹಾಕಿಟ್ಟಿದ್ದೆ ನಾನು!" ಎಂದು ಕೂಗಿಬಿಟ್ಟೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನಿಂತ.

ನಾನು ನಿಲ್ಲಿಸಲಿಲ್ಲ. ವಕ್ಕಲೇರಿ ಬರುವವರೆಗೂ ಬೈದೆ. ಇವರು ಕಂಬಿ ಹಿಡಿದುಕೊಂಡು ಬಗ್ಗಿ, ಒಂದೊಂದು ಮಾತಿಗೂ ಹೂಂ ಎನ್ನುತ್ತಾ, ಎಲ್ಲ ಕೇಳಿಸಿಕೊಂಡರು.